ಮಂಚಕ್ಕೆ ಕೊಡುತ್ತಾರೆ, ಕುರ್ಚಿಗೆ ಕೊಡುವುದಿಲ್ಲ

ತೂಬಗೆರೆ
16-11-2025, ಭಾನುವಾರ

ಮಗಳೇ ಮಮತಾ,

ಈ ಕಾಗದವನ್ನೂ ತುಪ್ಪದ ಡಬ್ಬಿಯನ್ನೂ ತಂದವನು ನಿನ್ನ ಗಂಡ. ಅವನ ಮೇಲೆ ನಿನಗಿರುವ ಕೋಪ ನ್ಯಾಯವಾದದ್ದೇ. ಆದರೆ ಇದನ್ನು ಓದಿ ಮುಗಿಸುವ ತನಕ ಅದನ್ನು ಒಂದು ಪಕ್ಕಕ್ಕಿಡು. ನಿಮ್ಮಪ್ಪ ಅವನನ್ನು ಹೊರಗಡೆ ಜಗಲಿಯಲ್ಲಿ ಕೂರಿಸಿಕೊಂಡು ರಾಗಿ ಕೊಯ್ಲಿನ ಮಾತಾಡುತ್ತಿರಲಿ. ನೀನು ಮಗುವಿಗೆ ಹಾಲು ಕೊಟ್ಟು ಮಲಗಿಸಿ, ಗೋಡೆಗೆ ಒರಗಿ ಕೂತು ಓದು. ಬಾಣಂತಿ ಕಣ್ಣಿಗೆ ಆಯಾಸವಾಗಬಾರದು, ನಡುನಡುವೆ ನಿಲ್ಲಿಸಿ ಓದು. ಯಾರ ಜೀವಕ್ಕೂ ಏನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತ ಅಂದುಕೊಳ್ಳಬೇಡ. ನಿನ್ನ ಫೋನನ್ನು ನಿಮ್ಮಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡವಳಿಗೆ ಫೋನು ಯಾಕೆ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಅವರ ಫೋನಿಗೆ ಮಾಡಿದರೆ ಅವರು ಸ್ಪೀಕರಿಗೆ ಹಾಕಿಕೊಂಡೇ ಮಾತಾಡುವುದು. ನಮ್ಮ ಮನೆಯ ವಿಷಯ ನಿಮ್ಮೂರು ಆವತಿಯ ಅರ್ಧಕ್ಕೆ ಕೇಳುತ್ತದೆ. ಅದಕ್ಕೇ ಕಾಗದ. ಮಕ್ಕಳು ಓದುವಾಗ ಪಕ್ಕದಲ್ಲಿ ಕೂತು ಕಲಿತ ಅಕ್ಷರ ನನ್ನದು, ಒತ್ತು ದೀರ್ಘ ತಪ್ಪಿದ್ದರೆ ಸರಿ ಮಾಡಿಕೊಂಡು ಓದಿಕೋ.

ಹೋದ ವಾರ ನಿಮ್ಮಮ್ಮ ಫೋನು ಮಾಡಿ ಒಂದು ಮಾತು ಅಂದರು. "ಏನ್ ಬೀಗ್ರೇ, ಹೆಣ್ಣಾಯ್ತು ಅಂತ ನಿಮ್ಮ ಮಗ ಈ ಕಡೆ ತಲೇನೇ ಹಾಕ್ತಿಲ್ವಲ್ಲ. ಹುಟ್ಟಿದ ದಿವ್ಸ ಬಂದೋರು ಬಾಗ್ಲಲ್ಲೇ ನಿಂತು ನೋಡಿ ಹೊಂಟೋದ್ರು. ನಮ್ಮ ಹುಡುಗಿ ಕಣ್ಣಲ್ಲಿ ನೀರು ಹಾಕ್ಕೊಂಡು ಕೂತವ್ಳೆ." ನಾನು, ಅವನಿಗೆ ಟೈಫಾಯ್ಡು ಬಂದಿತ್ತಲ್ಲ, ಕೂಸಿಗೆ ಅಂಟಬಾರದು ಅಂತ ಬರುತ್ತಿಲ್ಲ ಅಂದೆ. ಫೋನಿಟ್ಟ ಮೇಲೆ ಊಟ ಸೇರಲಿಲ್ಲ.

ಅದು ಟೈಫಾಯ್ಡ್ ಅಲ್ಲ ಮಮತಾ. ಹೆಣ್ಣು ಅನ್ನುವುದಂತೂ ಅಲ್ಲವೇ ಅಲ್ಲ. ಹೆಣ್ಣಾಗಲಿ ಅಂತ ಘಾಟಿ ದೇವಸ್ಥಾನಕ್ಕೆ ಹೋಗಿ ಹೇಳಿಕೊಂಡು ಬಂದವನು ಅವನು, ನಿನಗೇ ಗೊತ್ತು.

ನೀನು ಸೀಮಂತ ಮುಗಿಸಿಕೊಂಡು ತವರಿಗೆ ಹೋದ ಮೇಲೆ ಬಾಶೆಟ್ಟಿಹಳ್ಳಿಯ ಅವನ ಫ್ಯಾಕ್ಟರಿಯಲ್ಲಿ ಜೊತೆಗಾರ ದೇವರಾಜನ ಕೈ ಪ್ರೆಸ್ ಮೆಷಿನ್ನಿಗೆ ಸಿಕ್ಕಿತು. ಇಷ್ಟು ನಿನಗೆ ಹೇಳಿದ್ದೆವು. ಹೇಳದೆ ಬಿಟ್ಟದ್ದು ಏನೆಂದರೆ, ಪಕ್ಕದ ಮೆಷಿನ್ನಿನಲ್ಲಿದ್ದವನು ನಿನ್ನ ಗಂಡ, ನಮ್ಮ ಭೀಮರಾಜ. ಓಡಿಹೋಗಿ ಮೆಷಿನ್ ನಿಲ್ಲಿಸಿದವನೂ ಅವನೇ, ಅಂಗಿ ಬಿಚ್ಚಿ ಕೈಗೆ ಸುತ್ತಿ ಆಸ್ಪತ್ರೆಗೆ ಎತ್ತಿಕೊಂಡು ಹೋದವನೂ ಅವನೇ. ದೇವರಾಜನ ಎರಡು ಬೆರಳು ಹೋದವು, ಕೈ ಉಳಿಯಿತು. ಎಲ್ಲರೂ ಭೀಮರಾಜನಿಗೆ ಶಭಾಷ್ ಅಂದರು. ನಾವೂ ಅಂದೆವು. ಅವನು ನಾಲ್ಕು ದಿನ ನಗುನಗುತ್ತಲೇ ಡ್ಯೂಟಿಗೆ ಹೋದ.

ಆಮೇಲೆ ಒಂದು ದಿನ ಅವನ ಸೂಪರ್‌ವೈಸರ್ ಮುರಳಿ ಫೋನು ಮಾಡಿ, "ಅಮ್ಮ, ಭೀಮರಾಜ್‌ಗೆ ಹುಷಾರಿಲ್ವಾ? ಡ್ಯೂಟಿಗೇ ಬರ್ತಿಲ್ಲ" ಅಂದರು. ಬೆಳಿಗ್ಗೆ ತಾನೇ ನಾನು ಮುದ್ದೆ ಸಾರು ಡಬ್ಬಿಗೆ ಹಾಕಿ ಕಳಿಸಿದ್ದೆ. ನಿಮ್ಮ ಮಾವ ಅವನ ಬೈಕ್ ಹುಡುಕಿಕೊಂಡು ಹೋದರು. ಕೆರೆ ಏರಿ ಮೇಲೆ ಹೊಂಗೆ ಮರದ ಕೆಳಗೆ ಸುಮ್ಮನೆ ಕೂತಿದ್ದನಂತೆ. ಗೇಟಿನ ತನಕ ಹೋಗುತ್ತಾನೆ, ಒಳಗಿನ ಪ್ರೆಸ್ಸಿನ ಸದ್ದು ಕೇಳಿದ ಕೂಡಲೇ ಕೈಕಾಲು ತಣ್ಣಗಾಗಿ ವಾಪಸ್ಸು ಬರುತ್ತಾನೆ, ಶಿಫ್ಟು ಮುಗಿಯುವ ತನಕ ಅಲ್ಲಿ ಕೂತಿದ್ದು ಮನೆಗೆ ಬರುತ್ತಾನೆ. ನಿಮ್ಮ ಮಾವ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿ, ಇಬ್ಬರೂ ಉಂಡು ಎದ್ದು ಬಂದರಂತೆ.

ಮಗು ಹುಟ್ಟಿದ ದಿನ ನಡೆದದ್ದೂ ಇದೇ. ಅವನು ಬಾಗಿಲಿಗೆ ಬರುವುದಕ್ಕೂ ಕೂಸು ಕಿಟಾರನೆ ಕಿರುಚಿಕೊಳ್ಳುವುದಕ್ಕೂ ಸರಿಹೋಯಿತು. ಅವನ ಕಿವಿಗೆ ಬಿದ್ದದ್ದು ಕೂಸಿನ ಅಳುವಲ್ಲ, ದೇವರಾಜ ಕೂಗಿಕೊಂಡದ್ದು. ಆಸ್ಪತ್ರೆ ಹಿಂದುಗಡೆ ಹೋಗಿ ವಾಂತಿ ಮಾಡಿಕೊಂಡನಂತೆ. ಇದನ್ನು ನನಗೆ ಹೇಳಿದ್ದೇ ಮೊನ್ನೆ ಮೊನ್ನೆ. ನಿನಗೆ ಹೇಳಲು ಅವನಿಗೆ ನಾಚಿಕೆ. ಹೆತ್ತ ಮಗಳ ದನಿ ಕೇಳಿದರೆ ಹೆದರಿಕೆಯಾಗುತ್ತದೆ ಅಂತ ಯಾವ ಗಂಡಸು ಹೆಂಡತಿಯ ಮುಂದೆ ಹೇಳುತ್ತಾನೆ.

ಮುರಳಿ ಒಳ್ಳೆಯವರು. ಕೆಲಸದಿಂದ ತೆಗೆಸದೆ ಸ್ಟೋರಿಗೆ ಹಾಕಿಸಿದರು. ಅಲ್ಲಿ ಪ್ರೆಸ್ಸಿನ ಸದ್ದು ಅಷ್ಟಾಗಿ ಬರುವುದಿಲ್ಲ. ಕಂಪನಿ ಕಾರ್ಡಿನಲ್ಲಿ ಕೌನ್ಸೆಲಿಂಗ್ ಸಿಗುತ್ತದೆ ಅಂತ ಹೇಳಿದವರೂ ಅವರೇ. ಸಂಬಳ ಜಾಸ್ತಿಯಾದ ಮೇಲೆ ಇಎಸ್‌ಐ ಹೋಗಿ ಒಂದು ಇನ್ಶೂರೆನ್ಸ್ ಕಾರ್ಡು ಬಂತಲ್ಲ, ನಮ್ಮೆಲ್ಲರ ಹೆಸರೂ ಇರುವುದು, ಅದು. ಮಾತಾಡಿಸಿ ವಾಸಿ ಮಾಡುವುದು ಅಂದರೆ ನನಗೆ ಮೊದಲು ನಗು ಬಂತು. ಮಾತಿನಲ್ಲಿ ವಾಸಿಯಾಗುವುದಾದರೆ ನಮ್ಮ ಬೀದಿ ಸಪ್ಪಲಮ್ಮನ ಪಕ್ಕ ಕೂರಿಸಿದರೆ ಸಾಕಲ್ಲ, ದಿನವಿಡೀ ಬಾಯಿ ಮುಚ್ಚುವುದಿಲ್ಲ ಅಂದೆ.

ಅಕ್ಷತ ಅಂತ ಆ ಹುಡುಗಿಯ ಹೆಸರು. ಚಿಕ್ಕ ವಯಸ್ಸು. ದೊಡ್ಡಬಳ್ಳಾಪುರದಲ್ಲಿ ಸೀರೆ ಅಂಗಡಿಯ ಮೇಲೆ ಒಂದು ರೂಮು, ಎರಡು ಕುರ್ಚಿ, ಒಂದು ಕಿಟಕಿ. ಕಿಟಕಿಯ ಕೆಳಗೇ ಮಗ್ಗದ ಶೆಡ್ಡು, ಬೆಳಗಿಂದ ಸಂಜೆಯ ತನಕ ಟಕಟಕ ಅನ್ನುತ್ತಿರುತ್ತದೆ. ಇದು ಅವನಿಗೆ ಆಗುವ ಜಾಗವಲ್ಲ ಅಂದುಕೊಂಡೆ. ಆ ಹುಡುಗಿ ಅದೇ ಸದ್ದನ್ನು ಔಷಧಿ ಮಾಡಿಕೊಂಡಳು. ಮೊದಲ ಸಲ ಕಿಟಕಿ ಪೂರ್ತಿ ಮುಚ್ಚಿ ಮಾತಾಡಿಸಿದಳು. ಆಮೇಲಿನ ಸಲ ಬೆರಳು ಹೋಗುವಷ್ಟು ತೆರೆದಳು. ಅವನು ಬೆವೆತು ಎದ್ದು ನಿಂತರೆ, ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತಿದ್ದು ವಾಪಸ್ಸು ಬನ್ನಿ ಅನ್ನುವಳು. ಬಯ್ಯುವುದಿಲ್ಲ, ಅವಸರ ಮಾಡುವುದಿಲ್ಲ. ಹೊರಗೆ ಹೋಗಬಹುದು, ವಾಪಸ್ಸು ಬರಬೇಕು, ಇಷ್ಟೇ ಅವಳ ಕಟ್ಟಳೆ. ಹೀಗೆ ವಾರ ವಾರ ಕಿಟಕಿ ಸ್ವಲ್ಪ ಸ್ವಲ್ಪ ತೆರೆದು ಅರ್ಧಕ್ಕೆ ಬಂತು. ಮನೆಯಲ್ಲೂ ಗೊತ್ತಾಗುತ್ತಿತ್ತು. ಸ್ಟೀಲು ತಟ್ಟೆ ಕೆಳಗೆ ಬಿದ್ದರೆ ಎದ್ದು ಓಡುತ್ತಿದ್ದವನು ತಿರುಗಿ ನೋಡಿ ಸುಮ್ಮನಾಗುತ್ತಿದ್ದ.

ಕಿಟಕಿ ಅರ್ಧಕ್ಕೆ ಬಂದಾಗ ಕಾರ್ಡು ನಿಂತುಹೋಯಿತು. ವರ್ಷಕ್ಕೆ ಆರು ಸಲ ಮಾತ್ರವಂತೆ. ಇನ್ನೂ ಅಷ್ಟೇ ಬೇಕಾಗಬಹುದು ಅಂತ ಅಕ್ಷತ ಬರೆದುಕೊಟ್ಟಳು. ನಾನೇ ಕಾರ್ಡಿನ ಹಿಂದಿದ್ದ ನಂಬರಿಗೆ ಫೋನು ಮಾಡಿಸಿದೆ. ಒಂದು ಹುಡುಗಿ ತುಂಬ ಮರ್ಯಾದೆಯಾಗಿ, "ಔಟ್ ಪೇಷಂಟ್ ಕೌನ್ಸೆಲಿಂಗ್‌ಗೆ ಲಿಮಿಟ್ ಇದೆ ಮೇಡಂ, ಅದು ಮುಗ್ದಿದೆ" ಅಂದಳು.

"ಕಾಲು ಮುರ್ದೋನ್ಗೆ ಅರ್ಧ ಕಟ್ಟು ಹಾಕಿ ಎದ್ದೋಗು ಅಂತೀರೇನಮ್ಮ?" ಅಂದೆ.

"ನಾನ್ ಮಾಡಿದ್ ರೂಲ್ ಅಲ್ಲಮ್ಮ ಅದು" ಅಂದಳು ಪಾಪ. ಆಮೇಲೆ, ಅಡ್ಮಿಟ್ ಆದರೆ ಬೇರೆ, ಅಡ್ಮಿಷನ್ನಿಗೆ ಕವರ್ ಇದೆ ಅಂದಳು. ಮನಸ್ಸಿನ ಕಾಯಿಲೆಗೂ ಇದೆಯಾ ಅಂದೆ. ಇದೆ, ಮಲಗಿದ್ದರೆ ಎಲ್ಲಕ್ಕೂ ಇದೆ ಅಂದಳು.

ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನು ನಮ್ಮ ಅಕ್ಕನ ಮಗ ಬೀರೇಶ. ಅವನು ಅರ್ಜಿ ಹಾಕಿಕೊಡುವ ಆನ್‌ಲೈನ್ ಅಂಗಡಿ ಇಟ್ಟ ಮೇಲೆ ಅವನಿಗೆ ಗೊತ್ತಿಲ್ಲದ ವಿದ್ಯೆಯೇ ಇಲ್ಲ. "ಸಿಂಪಲ್ಲು ಚಿಕ್ಕಮ್ಮ. ಅಡ್ಮಿಟ್ ಮಾಡ್ಬಿಡಣ. ಮೂರು ದಿನ ಮಲಿಕ್ಕೊಳ್ಲಿ, ಮಾತಾಡ್ಸೋದೆಲ್ಲ ಅದೇ ಬಿಲ್ಲಲ್ಲಿ ಸೇರ್ಕೊಂಡೋಗ್ತದೆ" ಅಂದ. ಅಕ್ಷತನ ಹತ್ತಿರ ಕೇಳಿದರೆ ಅವಳು ತಲೆಯಾಡಿಸಿಬಿಟ್ಟಳು. "ಅಮ್ಮ, ಇವ್ರಿಗೆ ಬೇಕಾಗಿರೋದು ಕುರ್ಚಿ, ಮಂಚ ಅಲ್ಲ. ನಾನು ಸುಳ್ಳು ಬರ್ಕೊಡಲ್ಲ" ಅಂದಳು. ಮಂಚಕ್ಕಾದರೆ ಕೊಡುತ್ತಾರೆ, ಕುರ್ಚಿಗೆ ಕೊಡುವುದಿಲ್ಲವಲ್ಲಮ್ಮ ಅಂದೆ. ಅವಳೇನು ಮಾಡಿಯಾಳು. ಬೀರೇಶ ಬೇರೆ ಒಂದು ನರ್ಸಿಂಗ್ ಹೋಮ್ ಹುಡುಕಿದ. ಅಲ್ಲಿ ತೀವ್ರವಾದ ಖಿನ್ನತೆ, ಇಪ್ಪತ್ತನಾಲ್ಕು ಗಂಟೆಯೂ ಕಾಯಬೇಕು ಅಂತ ಬರೆದುಕೊಂಡು ಮಂಚ ಕೊಟ್ಟರು. ಭೀಮರಾಜನಿಗೆ ಇಷ್ಟವಿರಲಿಲ್ಲ. ನಾನೇ ಬಲವಂತ ಮಾಡಿದೆ.

ನಾವು ಮರೆತದ್ದು ಒಂದನ್ನೇ. ಕುರ್ಚಿಯಲ್ಲಿ ಕೂತು ಬಂದಾಗ ಊರಿಗೆ ಗೊತ್ತಾಗಿರಲಿಲ್ಲ. ಅಡ್ಮಿಟ್ ಅಂದ ಮೇಲೆ ನೋಡಲು ಬರದವರು ಯಾರು? ಮಧ್ಯಾಹ್ನದ ಹೊತ್ತಿಗೆ ಬೀದಿಯವರೆಲ್ಲ ಆಟೋ ಮಾಡಿಕೊಂಡು ಬಂದರು. ಬ್ರೆಡ್ಡು, ಮೂಸಂಬಿ, ಎಳನೀರು, ಮಂಚದ ಕೆಳಗೆ ಜಾಗವಿಲ್ಲ. ಏನಾಗಿದೆ ಅಂತ ಕೇಳಿದರೆ ಟೈಫಾಯ್ಡು ಅಂತ ಹೇಳುವುದೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು.

"ಅಯ್ಯೋ ನನ್ ಮಗ್ನೇ, ಹೆಂಗ್ ಒಣಗೋಗಿದ್ದೀಯೋ!" ಅಂತ ಸಪ್ಪಲಮ್ಮ ಅವನ ಗಲ್ಲ ಹಿಡಿದುಕೊಂಡು ಅತ್ತಳು. "ಟೈಪಾಯ್ಡು ಅಂದ್ರೆ ಕರುಳ್ನೇ ತಿಂದಾಕ್ಬಿಡ್ತದೆ. ಅನ್ನ ಇಳೀತಾ ಐತೇನ್ ಪಿಳ್ಳಪ್ಪಣ್ಣ?"

ನಿಮ್ಮ ಮಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಳೀದೇ ಏನು, ಬೆಳಿಗ್ಗೆ ಎಂಟು ಇಡ್ಲಿ ತಿಂದವ್ನೆ" ಅಂದರು.

ಈ ಗಲಾಟೆಯ ನಡುವೆ ಒಬ್ಬರು ಬಂದರು. ಇಸ್ತ್ರಿ ಅಂಗಿ, ಹೆಗಲಿಗೆ ಬ್ಯಾಗು, ಮೆತ್ತಗಿನ ಮಾತು. "ಭೀಮರಾಜ್ ಅವರ ತಾಯಿ ನೀವೇನಮ್ಮ?" ಅಂದರು. ನಮ್ಮ ಊರಿನವರಲ್ಲ. ಮುಖ ಎಲ್ಲೋ ನೋಡಿದ ಹಾಗಿತ್ತು. ನಿನ್ನ ಮದುವೆಯಲ್ಲಿ ಧಾರೆಗೆ ನಿಂತಿದ್ದರಲ್ಲ ನಿಮ್ಮ ಸೋದರಮಾವ, ಅವರ ಮಗನೇ ಇರಬೇಕು ಅಂತ ನನಗೆ ಅನ್ನಿಸಿಬಿಟ್ಟಿತು. ಆವತಿಯಿಂದ ಬೀಗರ ಕಡೆಯವರು ನೋಡಲು ಬಂದಾಗ ನಿಲ್ಲಿಸಿ ಮಾತಾಡಿಸುವುದುಂಟೇ. ಸಪ್ಪಲಮ್ಮನನ್ನು ಎಬ್ಬಿಸಿ ಇದ್ದ ಒಂದೇ ಸ್ಟೂಲು ಕೊಟ್ಟೆ. ಮೂಸಂಬಿ ಸುಲಿದು ಕೈಗಿಟ್ಟೆ. ಅವರು ಬೇಡ ಬೇಡ ಅಂದರು, ನಾನು ಬಿಡಲಿಲ್ಲ. "ಏನಾಗಿತ್ತಮ್ಮ?" ಅಂತ ಕೇಳಿದರು.

ನೋಡು ಮಮತಾ, ನನ್ನ ತಲೆ ಓಡಿದ್ದು ಹೀಗೆ. ಇವರಿಗೂ ಟೈಫಾಯ್ಡು ಅಂದರೆ ಸಾಯಂಕಾಲಕ್ಕೆ ನಿನ್ನ ಕಿವಿಗೆ ಬೀಳುತ್ತದೆ, ನೀನು ಹೆದರಿ ಹಾಲು ಬತ್ತಿಸಿಕೊಳ್ಳುತ್ತೀಯ. ಅದಕ್ಕೆ ಅವರನ್ನು ಹತ್ತಿರ ಕರೆದು ಮೆಲ್ಲಗೆ, "ಟೈಪಾಯ್ಡು ಗೀಯ್ಪಾಯ್ಡು ಏನಿಲ್ಲ ಕಣಪ್ಪ. ಮನಸ್ಸಿಗೆ ಒಸಿ ಏಟು ಬಿದ್ದೈತೆ, ಮಾತಾಡ್ಸಿದ್ರೆ ವಾಸಿಯಾಗ್ತದೆ. ಮಲಗೋ ಅಂಥದ್ದೇನಿಲ್ಲ. ಕಾರ್ಡಿನೋರು ಮಲಗಿದ್ರೇನೇ ಕೊಡೋದು ಅಂತಾರೆ, ಅದಕ್ ಮಲಗಿಸಿದ್ದೀವಿ. ಮಮತನ್ಗೆ ಮಾತ್ರ ಹೇಳ್ಬೇಡಿ" ಅಂದೆ.

ಅವರು ಬಾಯಲ್ಲಿದ್ದ ತೊಳೆಯನ್ನು ನುಂಗಿದರು. "ಅಮ್ಮ, ನಾನು ಇನ್ಶೂರೆನ್ಸ್ ಕಡೆಯಿಂದ ವಿಚಾರಣೆಗೆ ಬಂದಿದ್ದೀನಿ" ಅಂದರು. ಅವರಿಗೂ ಮುಜುಗರ ಆಯಿತು ಅಂತ ಕಾಣುತ್ತದೆ, ಉಳಿದ ಮೂಸಂಬಿಯನ್ನು ಎಲ್ಲಿಡುವುದು ಅಂತ ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ಹೋದರು. ಬೀರೇಶ ಹಣೆ ಹಣೆ ಚಚ್ಚಿಕೊಂಡ. "ಊರಿಗೆಲ್ಲ ಸುಳ್ಳು ಹೇಳ್ದೆ, ಅವ್ರೊಬ್ರಿಗೆ ನಿಜ ಹೇಳ್ದಲ್ಲ ಚಿಕ್ಕಮ್ಮ! ಮೂಸಂಬಿ ಬೇರೆ ಸುಲ್ಕೊಟ್ಟೆ!" ಅಂದ. ಮಂಚದ ದುಡ್ಡು ಬರಲಿಲ್ಲ, ಕೈಯಿಂದ ಕಟ್ಟಿದೆವು. ನನಗೆ ಅವಮಾನವಾಯಿತು, ಆದರೆ ಸುಳ್ಳು ದಕ್ಕಲಿಲ್ಲ ಅಂತ ಬೇಜಾರಾಗಲಿಲ್ಲ.

ಅವರು ಹೋದ ಸ್ವಲ್ಪ ಹೊತ್ತಿಗೆ ದೇವರಾಜ ಬಂದ. ಕಂಕುಳಲ್ಲಿ ಬ್ರೆಡ್ಡು ಸಿಕ್ಕಿಸಿಕೊಂಡು, ಬಲಗೈಗೆ ಇನ್ನೂ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತ. ಭೀಮರಾಜ ಅಷ್ಟು ದಿನದಲ್ಲಿ ಒಂದು ಸಲವೂ ಅವನನ್ನು ನೋಡಲು ಹೋಗಿರಲಿಲ್ಲ. ಆಸ್ಪತ್ರೆಗೂ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಪಕ್ಕದಲ್ಲಿ ಕೆಲಸ ಮಾಡುವವನು ಇಣುಕಿ ನೋಡಲಿಲ್ಲ ಅಂತ ಅವನ ಮನೆಯವರು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು.

"ಏನ್ ಗುರು, ನಾನ್ ಅಡ್ಮಿಟ್ ಆದಾಗ ನೀನ್ ಬರ್ಲಿಲ್ಲ. ನೀನ್ ಅಡ್ಮಿಟ್ ಆದಾಗ ನಾನ್ ಬಂದೀನಿ ನೋಡು. ಬ್ರೆಡ್ ಬಾಕಿ ಅಂತ ಬರ್ಕೋ" ಅಂದ ದೇವರಾಜ. ಎಲ್ಲರೂ ನಕ್ಕರು.

ಭೀಮರಾಜ ಎದ್ದು ಕೂತ. ಆ ಜನರೆಲ್ಲರ ಮುಂದೆಯೇ, "ನಂಗೆ ಟೈಫಾಯ್ಡ್ ಇಲ್ಲ ಕಣೋ. ನಂಗೆ ಆ ಸದ್ದು ಕೇಳಿದ್ರೆ ನೀನ್ ಕೂಗಿದ್ದೇ ಕೇಳುಸ್ತದೆ. ಗೇಟ್ ದಾಟಕ್ ಆಗ್ತಿಲ್ಲ. ನಿನ್ನ ಮುಖ ನೋಡಿದ್ರೆ ಇನ್ನೇನಾಗ್ತದೋ ಅಂತ ಬರ್ಲಿಲ್ಲ" ಅಂದ. ಸಪ್ಪಲಮ್ಮ ಕೂಡ ಬಾಯಿ ಮುಚ್ಚಿಕೊಂಡಳು.

ದೇವರಾಜ ಸ್ಟೂಲಿನಲ್ಲಿ ಕೂತು ಬ್ರೆಡ್ಡನ್ನು ಎಡಗೈಯಿಂದ ಅವನ ತೊಡೆ ಮೇಲಿಟ್ಟ. "ಥೂ, ಅಷ್ಟೇನಾ. ನಮ್ಮನೇಲಿ ಮಿಕ್ಸಿ ಹಾಕಿದ್ರೆ ನಾನು ಬಚ್ಚಲ್ಮನೆಗೆ ಓಡ್ತೀನಿ. ನಮ್ಮೆಂಗುಸ್ರು ಈಗ ಒಳಕಲ್ಲಲ್ಲಿ ಖಾರ ರುಬ್ತಾವ್ಳೆ, ನಿನ್ನೂ ನನ್ನೂ ಇಬ್ರನ್ನೂ ಬಯ್ಕೊಂಡು" ಅಂದ. ಆಮೇಲೆ ಅವರಿಬ್ಬರೂ ಮೆತ್ತಗೆ ಏನೇನೋ ಮಾತಾಡಿಕೊಂಡರು, ನಾನು ಜನರನ್ನೆಲ್ಲ ಹೊರಗೆ ಕರೆದುಕೊಂಡು ಹೋದೆ. ಮಾರನೆಯ ಬೆಳಿಗ್ಗೆ ಭೀಮರಾಜ ತಾನೇ ಬಟ್ಟೆ ಮಡಿಸಿಟ್ಟು, "ಮನೇಗೆ ಹೋಗಣ ನಡಿಯಮ್ಮ" ಅಂದ.

ಈಗ ನಿನ್ನನ್ನು ಕೇಳಬೇಕಾದ ಮಾತು. ತಾಲ್ಲೂಕು ಆಸ್ಪತ್ರೆಯ ಮನಸ್ಸಿನ ಡಾಕ್ಟರಿಗೂ ತೋರಿಸಿದ್ದೇವೆ. ಅಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ, ಜನ ಜಾಸ್ತಿ, ಕೂತು ಮಾತಾಡಿಸುವಷ್ಟು ಹೊತ್ತು ಅವರಿಗಿಲ್ಲ. ಮಾತ್ರೆಯ ಜೊತೆ ಅಕ್ಷತನ ಹತ್ತಿರ ಹೋಗುವುದನ್ನು ನಿಲ್ಲಿಸಬೇಡಿ ಅಂತ ಅವರೇ ಹೇಳಿದರು. ಹಾಗಾಗಿ ಮುಂದಿನದನ್ನು ಕೈಯಿಂದ ಕೊಟ್ಟು ಮಾಡಿಸುವುದು ಅಂತ ನಾನೂ ನಿಮ್ಮ ಮಾವನೂ ಅಂದುಕೊಂಡಿದ್ದೇವೆ. ತೊಟ್ಟಿಲು ಶಾಸ್ತ್ರಕ್ಕೆ ಮಗುವಿಗೆ ಚಿನ್ನದ ಸರ ಹಾಕುತ್ತೇವೆ ಅಂತ ನಿಮ್ಮಮ್ಮನ ಮುಂದೆ ಹೇಳಿದ್ದೆವಲ್ಲ, ಅದಕ್ಕೆ ಎತ್ತಿಟ್ಟದ್ದು ಇದಕ್ಕೆ ಹೋಗುತ್ತದೆ. ಈ ಸಲ ಬೆಳ್ಳಿ ಉಡಿದಾರ, ಬೆಳ್ಳಿ ಕಡಗ ಅಷ್ಟೇ ತರುತ್ತೇವೆ.

ಹೆಣ್ಣಾಯಿತು ಅಂತ ಬೆಳ್ಳಿ ತಂದರು ಅಂತ ನಿಮ್ಮ ಕಡೆಯವರು ಅಂದೇ ಅನ್ನುತ್ತಾರೆ. ಅಪ್ಪ ಬರಲಿಲ್ಲ ಅನ್ನುವ ಮಾತಿನ ಜೊತೆ ಇದೂ ಸೇರುತ್ತದೆ. ಆ ಮಾತು ಕೇಳಬೇಕಾದವಳು ನೀನು, ನಾನಲ್ಲ. ಅದಕ್ಕೇ ನಿನ್ನನ್ನು ಕೇಳದೆ ಮಾಡಬಾರದು ಅನ್ನಿಸಿತು. ಸರ ಬೇಕೇ ಬೇಕು ಅಂದರೆ ನನಗೆ ಸಿಟ್ಟಿಲ್ಲ, ಬೇರೆ ದಾರಿ ನೋಡುತ್ತೇವೆ. ಬೇಡ ಅನ್ನುವುದಾದರೆ ನಿಮ್ಮಮ್ಮನಿಗೆ ಯಾಕೆ ಬೇಡ ಅಂತ ನೀನೇ ನಿಜ ಹೇಳು. ಟೈಫಾಯ್ಡು ಅಂತ ಹೇಳಿ ನಾನು ಪಟ್ಟ ಪಾಡು ಸಾಕು. ನಿನ್ನ ಉತ್ತರವನ್ನು ಅವನ ಬಾಯಲ್ಲೇ ಹೇಳಿ ಕಳಿಸು.

ಇನ್ನು ಅವನನ್ನು ಒಳಗೆ ಕರೆ. ನಾನು ಕಳಿಸಿದ್ದಲ್ಲ, ನಿಮ್ಮ ಮಾವ ಹೊರಟಿದ್ದಾಗ ಡಬ್ಬಿ ಇಸಿದುಕೊಂಡು ನಾನೇ ಹೋಗ್ತೀನಿ ಅಂದವನು ಅವನು. ಮಗು ಮಲಗಿರುವಾಗಲೇ ಪಕ್ಕದಲ್ಲಿ ಕೂರಿಸು. ಎದ್ದು ಅತ್ತರೆ ಅವನು ಹೊರಗೆ ಹೋದಾನು. ತಡೆಯಬೇಡ, ಹಿಂದೆ ಹೋಗಬೇಡ, ನಿಮ್ಮಮ್ಮನಿಗೂ ಏನೂ ಅನ್ನಬೇಡಿ ಅಂತ ಮೊದಲೇ ಹೇಳಿರು. ಅವನು ವಾಪಸ್ಸು ಬರುತ್ತಾನೆ. ಮತ್ತೆ ಅತ್ತರೆ ಮತ್ತೆ ಹೋದಾನು, ಮತ್ತೆ ಬರುತ್ತಾನೆ. ಕತ್ತಲಾದರೂ ಚಿಂತೆಯಿಲ್ಲ, ಕೂಸಿನ ದನಿ ಕೂಸಿನ ದನಿ ಥರ ಕೇಳಿಸುವ ತನಕ ಅಲ್ಲೇ ಇರಲಿ. ಇಲ್ಲಿ ಹಾಲು ಕರೆಯಲು ನಾನಿದ್ದೇನೆ.

ಮೈ ಬೆಚ್ಚಗೆ ಇಟ್ಟುಕೋ. ಮಗುವಿಗೆ ಅಜ್ಜಿಯ ಮುತ್ತು.

ನಿನ್ನ ಅತ್ತೆ,
ಆದಿಲಕ್ಷ್ಮಮ್ಮ

ಮರೆತಿದ್ದೆ. ಬೀರೇಶ ಕಾರ್ಡಿನ ಕಾಗದಗಳನ್ನು ಮತ್ತೊಂದು ಸಲ ಓದಿದ. ಆರು ಸಲ ಅನ್ನುವುದು ಮನೆಗೆಲ್ಲ ಸೇರಿ ಅಲ್ಲವಂತೆ, ಕಾರ್ಡಿನಲ್ಲಿ ಹೆಸರಿರುವ ಒಬ್ಬೊಬ್ಬರಿಗೂ ಆರಂತೆ. ನನ್ನದನ್ನು ಭೀಮರಾಜನಿಗೆ ಬರೆದುಕೋ ತಾಯಿ ಅಂತ ಅಕ್ಷತನನ್ನು ಕೇಳಿದೆ. ಹಾಗೆಲ್ಲ ಆಗಲ್ಲಮ್ಮ, ನಿಮ್ಮದು ನಿಮಗೇ ಅಂದಳು. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ ಅಂದೆ. ಬಂದಿದ್ದೀರಲ್ಲ, ಸುಮ್ಮನೆ ಕೂತು ಹೋಗಿ ಅಂದಳು. ಕೂತೆ. ಎದ್ದು ಹೊರಗೆ ಬರುವ ಹೊತ್ತಿಗೆ ಮುಂದಿನವರು ಕಾದು ಕಾದು ಎದ್ದು ಹೋಗಿದ್ದರು. ಕಣ್ಣು ಯಾಕೆ ಕೆಂಪಗಿದೆ ಅಂತ ನಿಮ್ಮ ಮಾವ ಕೇಳಿದರು, ಕಣ್ಣಿನ ಡಾಕ್ಟರ ಹತ್ತಿರ ಡ್ರಾಪ್ಸ್ ಹಾಕಿಸಿಕೊಂಡೆ ಅಂದಿದ್ದೇನೆ. ಗುರುವಾರ ಮತ್ತೆ ಹೋಗಬೇಕು. ನಿನ್ನ ಹೆಸರಿನಲ್ಲೂ ಆರು ಇವೆ ಮಮತಾ, ಹಾಗೇ ಇವೆ.